ಕೋಟೆಗೆ ಹೋದರೆ ಮೊದಲು ನೀರು ಹುಡುಕಿ



ಧನುರ್ಮಾಸ ಬಂತೆಂದರೆ ಮದುವೆ-ಮುಂಜಿಗಳ ಗಲಾಟೆ ಇಲ್ಲ, ಮನೆಯಲ್ಲಿ ಅವರೆಕಾಯಿ ರಾಶಿ, ಬೆಳಗ್ಗೆ ಏಳಲಾರದಷ್ಟು ಚಳಿ. ಈ ದಿನಗಳಲ್ಲಿ ನನಗೆ ಬರುವ ಕಾಗದಗಳ ಧಾಟಿಯೇ ಬದಲಾಗುತ್ತದೆ. ಉಪ್ಪಿನಕಾಯಿಗೆ ಬೂಷ್ಟು ಹಿಡಿಯಿತು, ಮಗಳ ಕೂದಲು ಉದುರುತ್ತಿದೆ ಎಂದು ಬರೆಯುತ್ತಿದ್ದವರೆಲ್ಲ "ಎರಡು ದಿನ ಎಲ್ಲಾದರೂ ಹೋಗಿಬರೋಣ ಅಂತಿದ್ದೇವೆ, ಎಲ್ಲಿಗೆ ಹೇಳಿ" ಎಂದು ಕೇಳತೊಡಗುತ್ತಾರೆ.

ಈ ಸಲದ ಕಾಗದಗಳಲ್ಲಿ ಎರಡನ್ನು ಬದಿಗೆ ತೆಗೆದಿಟ್ಟುಕೊಂಡೆ. ಒಂದು ಮಾಲೂರಿನಿಂದ ಬಂದದ್ದು. ಟೀವಿಯಲ್ಲಿ ನದಿಯ ದಂಡೆಯ ದೊಡ್ಡ ದೊಡ್ಡ ಕೋಟೆಗಳನ್ನೂ ಅರಮನೆಗಳನ್ನೂ ನೋಡಿ ಮಕ್ಕಳು ಹಟ ಹಿಡಿದಿದ್ದಾರಂತೆ. "ರಾಜಸ್ಥಾನಕ್ಕೆ ಹೋಗುವ ಶಕ್ತಿ ನಮಗೆಲ್ಲಿದೆ? ನಮ್ಮ ಕಡೆ ನದಿಯೂ ಇಲ್ಲ, ಅರಮನೆಯೂ ಇಲ್ಲ, ಬರೀ ಬಂಡೆ" ಎಂದು ಆ ತಾಯಿಯ ಬೇಸರ. ಇನ್ನೊಂದು ಮುಳಬಾಗಿಲಿನಿಂದ. ಮದುವೆಯಾಗಿ ಇಪ್ಪತ್ತೆರಡು ವರ್ಷವಾಯಿತು, ದಿನಾ ಬೆಳಗ್ಗೆ ರಂಗೋಲಿ ಹಾಕುವಾಗ ಎದುರಿಗೆ ಕೋಟೆ ಬೆಟ್ಟ ಕಾಣುತ್ತದೆ, ಒಂದು ಸಲವೂ ಹತ್ತಿಲ್ಲ ಎಂದು ಆಕೆ ಬರೆದಿದ್ದಾರೆ. ಊರಿಂದ ನೆಂಟರು ಬಂದಾಗ ಎಲ್ಲರೂ ಹೋಗುತ್ತಾರೆ. "ಚಪ್ಪಲಿ, ಬುತ್ತಿ ಕಾಯೋಕೆ ಒಬ್ಬರು ಬೇಕಲ್ಲ, ನಾನು ಕೆಳಗೇ ಕೂತಿರ್ತೀನಿ." ದೂರು ಹೇಳಿದ ಹಾಗೂ ಇಲ್ಲ ಆ ಮಾತು. ಮಳೆ ಬರಲಿಲ್ಲ ಎನ್ನುವಷ್ಟೇ ಸಹಜವಾಗಿ ಬರೆದುಬಿಟ್ಟಿದ್ದಾರೆ.

ಈ ಎರಡು ಕಾಗದಕ್ಕೂ ನನ್ನ ಉತ್ತರ ಒಂದೇ. ಬನ್ನಿ, ಕೋಲಾರದ ಸೀಮೆಯ ಕೋಟೆಗಳನ್ನೇ ನೋಡೋಣ. ಗಂಡಸರು ಹೋದ ಕೂಡಲೇ ಫಿರಂಗಿ ಎಲ್ಲಿತ್ತು, ಸಿಂಹಾಸನ ಎಲ್ಲಿತ್ತು ಎಂದು ಹುಡುಕುತ್ತಾರೆ. ನಾವು ಅದನ್ನು ಆಮೇಲೆ ನೋಡೋಣ. ಮೊದಲು ನೀರು ಎಲ್ಲಿತ್ತು ಎಂದು ಹುಡುಕೋಣ. ಒಂದು ಮನೆಗೆ ಬಾಡಿಗೆಗೆ ಹೋಗುವಾಗ ನಾವು ಮೊದಲು ಕೇಳುವ ಪ್ರಶ್ನೆಯೂ ಅದೇ ಅಲ್ಲವೇ? ಕೋಟೆಯೂ ಜನ ಬಾಳಿದ ಮನೆಯೇ.

ನದಿಯ ದಂಡೆಯ ಕೋಟೆಗೆ ಈ ಚಿಂತೆ ಇರಲಿಲ್ಲ ಅಂತೀರಾ? ಶ್ರೀರಂಗಪಟ್ಟಣವನ್ನೇ ತೆಗೆದುಕೊಳ್ಳಿ. ಸುತ್ತಲೂ ಕಾವೇರಿ. ಆ ಹೊಳೆಯೇ ಅದರ ದೊಡ್ಡ ಕಂದಕ. ಆದರೆ ಇಂಗ್ಲಿಷರ ಸೈನ್ಯ ಅದನ್ನು ಹಿಡಿದದ್ದು 1799ರ ಮೇ 4ರಂದು, ಮಧ್ಯಾಹ್ನದ ಉರಿಬಿಸಿಲಲ್ಲಿ. ಮೇ ತಿಂಗಳೆಂದರೆ ಹೊಳೆ ಸೊರಗಿ ಬಂಡೆಗಳು ಮೇಲೆದ್ದಿರುವ ಕಾಲ. ಮುಂಗಾರು ಹಿಡಿದು ಹೊಳೆ ತುಂಬುವ ಮೊದಲೇ ಮುಗಿಸಬೇಕೆಂದು ಅವರು ಅವಸರಪಟ್ಟದ್ದು ಸುಮ್ಮನೆ ಅಲ್ಲ. ಹೊಳೆ ಕೋಟೆಯನ್ನು ಕಾಯುವುದು ತಾನು ತುಂಬಿರುವ ತನಕ ಮಾತ್ರ.

ಇನ್ನು ಬೆಟ್ಟದ ಕೋಟೆಯ ವಿಷಯಕ್ಕೆ ಬಂದರೆ ಚಿತ್ರದುರ್ಗದ ಓಬವ್ವನ ಕತೆ ಯಾರಿಗೆ ಗೊತ್ತಿಲ್ಲ? 1972ರ 'ನಾಗರಹಾವು' ಸಿನಿಮಾದಲ್ಲಿ ಜಯಂತಿಯವರನ್ನು ಒನಕೆ ಹಿಡಿದು ನೋಡಿದವರು ಮರೆಯುವುದುಂಟೇ! ಆದರೆ ಆ ಕತೆಯಲ್ಲಿ ಒಂದು ಸಣ್ಣ ಸಂಗತಿಯ ಮೇಲೆ ನಮ್ಮ ಗಮನ ನಿಲ್ಲುವುದಿಲ್ಲ. ಕಾವಲಿನ ಗಂಡ ಊಟಕ್ಕೆ ಬಂದಿದ್ದಾನೆ, ಮನೆಯಲ್ಲಿ ಕುಡಿಯಲು ನೀರಿಲ್ಲ. ಆಕೆ ಬಿಂದಿಗೆ ಹಿಡಿದು ಹೊಂಡಕ್ಕೆ ಹೋದಳು. ಹೋದದ್ದರಿಂದಲೇ ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರಾಲಿಯ ಸಿಪಾಯಿಗಳು ಅವಳ ಕಣ್ಣಿಗೆ ಬಿದ್ದರು. ಬುರುಜಿನ ಮೇಲೆ ನಿಂತವರಿಗೆ ಕಾಣದ್ದು ನೀರಿಗೆ ಹೋದವಳಿಗೆ ಕಂಡಿತು. ಕೋಟೆಯ ಸಂದುಗೊಂದು, ಹಿಂದಿನ ದಾರಿ, ಯಾವ ಬಂಡೆ ಜಾರುತ್ತದೆ, ಯಾವ ಹೊಂಡ ಯಾವ ತಿಂಗಳಲ್ಲಿ ಬತ್ತುತ್ತದೆ, ಇದೆಲ್ಲ ದಿನಾ ಎರಡು ಹೊತ್ತು ನೀರು ಹೊತ್ತವರಿಗೆ ತಿಳಿದಷ್ಟು ದಳವಾಯಿಗೆ ತಿಳಿದಿರುತ್ತದೆಯೇ? ಅಲ್ಲಿ ಅಕ್ಕತಂಗಿಯರ ಹೊಂಡ ಎಂದೇ ಒಂದಿದೆ. ಹೆಸರನ್ನು ಕೇಳಿದರೇ ಬಿಂದಿಗೆಗಳ ಸದ್ದು ಕೇಳಿಸುತ್ತದೆ.

ಆ ಹೈದರಾಲಿ ಹುಟ್ಟಿದ್ದು ನಮ್ಮ ಬೂದಿಕೋಟೆಯಲ್ಲಿ. ಇಂದಿನ ಬಂಗಾರಪೇಟೆ ತಾಲ್ಲೂಕು. ಮಾಲೂರಿನ ಸೋದರಿಗೆ ನಾನು ಹೇಳುವ ಮೊದಲ ಜಾಗ ಇದೇ. ಏಕೆಂದರೆ ಆಕೆ ಕೇಳಿದ 'ಹೊಳೆಯ ಹತ್ತಿರದ ಕೋಟೆ' ನಮ್ಮ ಸೀಮೆಯಲ್ಲಿ ಇದ್ದರೆ ಅದು ಬೂದಿಕೋಟೆಯೇ. ಹತ್ತಿರದಲ್ಲೇ ಮಾರ್ಕಂಡೇಯ ನದಿ, ಅದಕ್ಕೆ ಕಟ್ಟಿದ ಜಲಾಶಯ. ನದಿ ಎಂದಾಕ್ಷಣ ಕಾವೇರಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಡಿ ಮತ್ತೆ! ನಮ್ಮ ಪಾಲಾರ್, ದಕ್ಷಿಣ ಪಿನಾಕಿನಿ, ಮಾರ್ಕಂಡೇಯ ಎಲ್ಲವೂ ಮಳೆಗಾಲದ ಸೊಸೆಯರು. ಬಂದಾಗ ಸಡಗರ, ಹೋದ ಮೇಲೆ ಬರೀ ಮರಳು. ಬೂದಿಕೋಟೆಯಲ್ಲಿ ಬಂಡೆಗುಡ್ಡದ ಮೇಲೆ ಅಲ್ಲಲ್ಲಿ ಉಳಿದ ಗೋಡೆ, ಕೆಳಗೆ ಹಸುರು. ಅಷ್ಟೇ. ಅರಮನೆ, ಕಂಬ, ಕನ್ನಡಿ ಏನೂ ಇಲ್ಲ.

ಆದರೆ ಅಲ್ಲಿ ಕೂತು ಮಕ್ಕಳಿಗೆ ಹೇಳಲು ಒಂದು ಕತೆ ಇದೆ. ಹೈದರನ ತಂದೆ ಫತೇ ಮಹಮ್ಮದ್ ಸಿರಾದ ನವಾಬನ ಕೈಕೆಳಗೆ ಇದ್ದ ಫೌಜುದಾರ. ಯುದ್ಧದಲ್ಲಿ ಸತ್ತ. ಆತನ ಗೋರಿ ಕೋಲಾರದ ಮಕ್‌ಬರದಲ್ಲಿದೆ, ಇವತ್ತಿಗೂ ನೋಡಬಹುದು. ಆತ ಸತ್ತಾಗ ಹೆಂಡತಿ ಮಕ್ಕಳು ಇದ್ದದ್ದು ದೊಡ್ಡಬಳ್ಳಾಪುರದಲ್ಲಿ. ಅಲ್ಲಿನ ಅಧಿಕಾರಿ ಅಬ್ಬಾಸ್ ಕುಲಿ ಖಾನ್, ಸತ್ತವನು ಬಾಕಿ ಕೊಡಬೇಕಿತ್ತು ಎಂಬ ನೆವ ಹೇಳಿ ಮನೆಯ ಒಡವೆ ವಸ್ತುಗಳನ್ನೆಲ್ಲ ದೋಚಿದ. ಅಷ್ಟಕ್ಕೂ ತೃಪ್ತಿಯಾಗದೆ, ಹತ್ತು ವರ್ಷ ಕೂಡ ತುಂಬದ ಇಬ್ಬರು ಗಂಡುಮಕ್ಕಳನ್ನು ನಗಾರಿಯೊಳಗೆ ಕೂಡಿಹಾಕಿ ಮೇಲಿನ ಚರ್ಮವನ್ನು ಬಿಗಿಸುತ್ತಾ ಬಂದನಂತೆ, ತಾಯಿಯಿಂದ ಇನ್ನಷ್ಟು ಹಣ ಕಕ್ಕಿಸಲು! ವಿಲ್ಕ್ಸ್ ಬರೆದ ಮೈಸೂರಿನ ಇತಿಹಾಸದಲ್ಲಿ ಈ ಸಂಗತಿ ಇದೆ. ಆ ಹೆಣ್ಣುಮಗಳು ಇದ್ದದ್ದೆಲ್ಲ ಸುರಿದು ಮಕ್ಕಳನ್ನು ಬಿಡಿಸಿಕೊಂಡು ಬೆಂಗಳೂರಿಗೆ, ಅಲ್ಲಿಂದ ಶ್ರೀರಂಗಪಟ್ಟಣದ ಬಂಧುಗಳ ಬಳಿಗೆ ಹೋದಳು. ಮುಂದೆ ಹೈದರ್ ದೊಡ್ಡವನಾಗಿ ದೊಡ್ಡಬಳ್ಳಾಪುರದ ಕಡೆ ಬಂದಾಗ ಆ ಅಬ್ಬಾಸ್ ಕುಲಿ ಮದರಾಸಿಗೆ ಓಡಿಹೋದ. ಶಾಲೆಯ ಪುಸ್ತಕದಲ್ಲಿ ಹೈದರನ ಯುದ್ಧಗಳಿಗೆಲ್ಲ ಇಸವಿ ಇದೆ. ಎಲ್ಲ ಕಳೆದುಕೊಂಡು, ಎರಡು ಮಕ್ಕಳ ಕೈಹಿಡಿದು ಊರು ಬಿಟ್ಟ ಆ ತಾಯಿಯ ಪ್ರಯಾಣಕ್ಕೆ ಒಂದು ಸಾಲೂ ಇಲ್ಲ. ಮಕ್ಕಳಿಗೆ ನೀವು ಹೇಳಿ.

ಮಾಲೂರಿನಿಂದ ಬೂದಿಕೋಟೆಗೆ ಹೋಗುವವರು ದಾರಿಯಲ್ಲಿ ಟೇಕಲ್ ನೋಡಿಕೊಂಡು ಹೋಗಿ. ಅದು ಮಾಲೂರು ತಾಲ್ಲೂಕೇ. ಮಾಲೂರು-ಬಂಗಾರಪೇಟೆ ರೈಲುದಾರಿಯಲ್ಲಿ ಅದಕ್ಕೊಂದು ಸ್ಟೇಷನ್ ಇದೆ. ಆನೆಗಳು ಮಲಗಿದಂತೆ ಬಂಡೆಗಳು, ಕೆಳಗೆ ವರದರಾಜಸ್ವಾಮಿ ದೇವಸ್ಥಾನ, ಹಳೆಯ ಕೋಟೆಯ ಕುರುಹು. 15ನೆಯ ಶತಮಾನದಲ್ಲಿ ಸಾಳುವ ಗೋಪರಾಜ ಇಲ್ಲಿ ಆಳುತ್ತಿದ್ದನೆಂದು ಶಾಸನಗಳು ಹೇಳುತ್ತವೆ. ಈ ಸೀಮೆಯಲ್ಲಿ ಬಂಡೆ ಒಡೆಯುವ ಕ್ವಾರಿಗಳ ಸದ್ದು ನಿಮ್ಮ ಕಿವಿಗೂ ಬೀಳಬಹುದು. ಬೆಟ್ಟ ಎಂದರೆ ಬರೀ ಕಲ್ಲು ಎಂದುಕೊಂಡವರ ಕೆಲಸ ಅದು. ಬೆಟ್ಟ ಎಂದರೆ ಮಳೆನೀರನ್ನು ಕೂಡಿಸಿ ಕೆಳಗಿನ ಕೆರೆಗೆ ಕಳಿಸುವ ಓರೆಯಾದ ತಟ್ಟೆ. ತಟ್ಟೆ ಒಡೆದರೆ ಬಟ್ಟಲಿಗೆ ಏನು ಬರುತ್ತದೆ?

ಇಲ್ಲಿ ಸ್ವಲ್ಪ ನಿಲ್ಲೋಣ. ನಮ್ಮ ಬಂಡೆಕೋಟೆಗಳ ಗುಟ್ಟು ಇದೇ ತಟ್ಟೆ-ಬಟ್ಟಲಿನ ಲೆಕ್ಕ. ಇದು ಗೊತ್ತಾದರೆ ಯಾವ ಬೆಟ್ಟ ಹತ್ತಿದರೂ ನಿಮಗೆ ಬೇಸರವಾಗುವುದಿಲ್ಲ. ಕೋಟೆ ಕಟ್ಟಿದವರು ಬೆಟ್ಟದ ಸುತ್ತ ಪೂರ್ತಿ ಗೋಡೆ ಎತ್ತಲಿಲ್ಲ. ಕಡಿದಾದ ಬಂಡೆ ಇದ್ದಲ್ಲಿ ಬಂಡೆಯೇ ಗೋಡೆ. ಎರಡು ಬಂಡೆಗಳ ನಡುವೆ ಸಂದು ಬಿಟ್ಟ ಕಡೆ ಮಾತ್ರ ಕಲ್ಲು ಪೇರಿಸಿದರು. ನಾವು ಹರಿದ ಸೀರೆಗೆ ತೇಪೆ ಹಾಕುವುದಿಲ್ಲವೇ, ಹಾಗೆ. ನೀರಿಗೂ ಅದೇ ಜಾಣತನ. ಗಟ್ಟಿಬಂಡೆ ನೀರು ಕುಡಿಯುವುದಿಲ್ಲ, ಬಿದ್ದದ್ದೆಲ್ಲ ಜಾರಿ ತಗ್ಗಿಗೆ ಬರುತ್ತದೆ. ಬಂಡೆಯ ಮೇಲೆ ತಾನಾಗಿ ಆದ ತಗ್ಗಿಗೆ ದೊಣೆ ಅಂತೀವಿ. ಆ ದೊಣೆಯ ಇಳಿಜಾರಿನ ತುದಿಗೆ ಒಂದು ಸಣ್ಣ ಕಟ್ಟೆ ಕಟ್ಟಿದರೆ ಸಾಕು, ಮಳೆಗಾಲದ ನೀರು ಬೇಸಗೆಯ ತನಕ ನಿಲ್ಲುತ್ತದೆ. ನೆರಳಿರುವ ಸಂದಿನ ದೊಣೆಯಾದರೆ ಇನ್ನೂ ಒಳ್ಳೆಯದು, ಬೇಗ ಆರುವುದಿಲ್ಲ. ಮೇಲಿನ ದೊಣೆ ತುಂಬಿ ಹರಿದದ್ದು ಕೆಳಗಿನ ಹೊಂಡಕ್ಕೆ, ಅಲ್ಲಿಂದ ಊರ ಕೆರೆಗೆ, ಕೆರೆಯಿಂದ ಗದ್ದೆಗೆ, ಕೆರೆಯ ಕೆಳಗಿನ ಬಾವಿಗೆ.

ಮುತ್ತಿಗೆ ಬಿದ್ದಾಗ ಊರಿನವರೆಲ್ಲ ಕಾಳುಕಡ್ಡಿ, ದನಕರು, ಮಕ್ಕಳುಮರಿ ಕಟ್ಟಿಕೊಂಡು ಮೇಲೆ ಹತ್ತುತ್ತಿದ್ದರು. ಆಗ ಕೋಟೆ ಎಷ್ಟು ದಿನ ತಡೆಯುತ್ತದೆ ಎಂಬುದನ್ನು ಹೇಳುತ್ತಿದ್ದದ್ದು ಮದ್ದುಗುಂಡು ಒಂದೇ ಅಲ್ಲ, ದೊಣೆಯ ನೀರೂ ಹೇಳುತ್ತಿತ್ತು. ಅದನ್ನು ಅಳೆದು ಹಂಚಿದವರು ಯಾರು, ಬಾಣಂತಿಗೆ ಎಷ್ಟು, ಕುದುರೆಗೆ ಎಷ್ಟು ಎಂದು ಜಗಳ ಬಿಡಿಸಿದವರು ಯಾರು? ಯಾವ ಶಾಸನವೂ ಹೇಳುವುದಿಲ್ಲ. ನಲ್ಲಿಯಲ್ಲಿ ಎರಡು ದಿನಕ್ಕೊಮ್ಮೆ ನೀರು ಬಿಡುವ ಬೀದಿಯಲ್ಲಿ ಸಂಸಾರ ಮಾಡಿದವರಿಗೆ ಶಾಸನ ಬೇಕಾಗಿಯೂ ಇಲ್ಲ.

ಈಗ ಮುಳಬಾಗಿಲು. ಬೆಂಗಳೂರಿನಿಂದ ಕೋಲಾರಕ್ಕೆ ಸುಮಾರು 70 ಕಿಲೋಮೀಟರ್, ಅಲ್ಲಿಂದ ಮುಂದೆ ಸುಮಾರು 30. ಹಳೆಯ ಮದರಾಸು ರಸ್ತೆ. ಮೂಡಲ ಬಾಗಿಲು ಎಂಬುದೇ ಮುಳಬಾಗಿಲು ಆಯಿತು ಎನ್ನುತ್ತಾರೆ. ಮೂಡಲಿಂದ ಬರುವವರೆಲ್ಲ ಈ ಬಾಗಿಲು ತಟ್ಟಿಯೇ ಬರಬೇಕಿತ್ತು. 1791ರಲ್ಲಿ ಕಾರ್ನ್‌ವಾಲಿಸ್ ಬೆಂಗಳೂರಿನ ಮೇಲೆ ದಂಡು ತಂದದ್ದೂ ಇದೇ ದಾರಿಯಲ್ಲಿ. ಊರ ನೆತ್ತಿಯ ಮೇಲೆ ಕೋಟೆ ಬೆಟ್ಟ, ಅದರ ತುದಿಯಲ್ಲಿ ಯಾರೋ ಎತ್ತಿಟ್ಟು ಮರೆತುಹೋದಂಥ ದೊಡ್ಡ ಗುಂಡುಗಳು.

1768ರಲ್ಲಿ ಈ ಕೋಟೆ ಒಂದೇ ವರ್ಷದಲ್ಲಿ ಎರಡು ಸಲ ಕೈ ಬದಲಾಯಿಸಿತು. ಮೊದಲು ಹೈದರನಿಂದ ಇಂಗ್ಲಿಷರಿಗೆ, ಮತ್ತೆ ಅವರಿಂದ ಹೈದರನಿಗೆ. ಅದನ್ನು ಹಿಂದಕ್ಕೆ ಪಡೆಯಲು ಕರ್ನಲ್ ವುಡ್ ಎಂಬಾತ ಬಂದ. ಅಕ್ಟೋಬರ್ 4ರಂದು ಹೈದರನ ದಂಡು ಆತನನ್ನು ಈ ಬಂಡೆಗಳ ನಡುವೆ ಸುತ್ತುವರಿಯಿತು. ಇನ್ನೇನು ಮುಗಿಯಿತು ಎನ್ನುವಾಗ ಕ್ಯಾಪ್ಟನ್ ಬ್ರೂಕ್ ಸ್ವಲ್ಪ ಜನರನ್ನೂ ಎರಡು ಫಿರಂಗಿಗಳನ್ನೂ ಕಟ್ಟಿಕೊಂಡು ಕಣ್ಣಿಗೆ ಬೀಳದ ದಾರಿಯಲ್ಲಿ ಒಂದು ಬಂಡೆಯ ಮೇಲೆ ಬಂದು, "ಸ್ಮಿತ್! ಸ್ಮಿತ್!" ಎಂದು ಎಲ್ಲರಿಂದ ಜೈಕಾರ ಹಾಕಿಸಿದ. ಕರ್ನಲ್ ಸ್ಮಿತ್ ದೊಡ್ಡ ಸೈನ್ಯದೊಡನೆ ಬಂದೇಬಿಟ್ಟ ಎಂದು ನಂಬಿ ಹೈದರನ ಜನ ಹಿಂದೆ ಸರಿದರು. ಸ್ಮಿತ್ ಇದ್ದದ್ದು ಎಲ್ಲೋ ದೂರದಲ್ಲಿ! ಗಲಾಟೆ ಮಾಡುವ ಮಕ್ಕಳಿಗೆ ನಾವು "ಅಪ್ಪ ಬಂದ್ರು!" ಅಂತೀವಲ್ಲ, ಅದೇ ಉಪಾಯ. ಮೋಸ ಗೊತ್ತಾಗಿ ಹೈದರ್ ಮತ್ತೆ ಮೇಲೆಬಿದ್ದ. ಅಷ್ಟರಲ್ಲಿ ವುಡ್‌ನ ಜನ ಸಾವರಿಸಿಕೊಂಡಿದ್ದರು. ಅವರ ಪ್ರಾಣ ಉಳಿಯಿತು, ಕೋಟೆ ಮಾತ್ರ ಸಿಗಲಿಲ್ಲ. ಗಂಡುಮಕ್ಕಳಿಗೆ ಈ ಕತೆ ತುಂಬ ಹಿಡಿಸುತ್ತದೆ. ಯಾವ ಬಂಡೆಯ ಮೇಲಿಂದ ಕೂಗಿದ್ದು ಎಂದು ಹುಡುಕುತ್ತಾ ಬೆಟ್ಟವನ್ನೆಲ್ಲ ಸುತ್ತಿಸುತ್ತಾರೆ, ಸಿದ್ಧರಾಗಿರಿ.

ನನಗೆ ಇದಕ್ಕಿಂತ ಹಿಡಿಸುವುದು ಅದಕ್ಕೂ ನಾಲ್ಕು ನೂರು ವರ್ಷ ಹಿಂದಿನದು. ವಿಜಯನಗರದ ಬುಕ್ಕರಾಯನ ಮಗ ಕುಮಾರ ಕಂಪಣ ಇಲ್ಲಿದ್ದುಕೊಂಡು ಈ ಸೀಮೆಯನ್ನು ಆಳುತ್ತಿದ್ದ. ಇಲ್ಲಿಂದ ಪಾಲಾರ್ ಹೊಳೆಯ ದಂಡೆಯ ವಿರಿಂಚಿಪುರಕ್ಕೆ, ಕೊನೆಗೆ ಮಧುರೆಯ ತನಕ ದಂಡೆತ್ತಿಹೋಗಿ ಗೆದ್ದ. ಇದೆಲ್ಲ ನಮಗೆ ಗೊತ್ತಾಗಿರುವುದು ಬಹುಮಟ್ಟಿಗೆ ಅವನ ಹೆಂಡತಿಯಿಂದ. ಆಕೆ ಗಂಗಾದೇವಿ. ಗಂಡನ ದಂಡಯಾತ್ರೆಯ ಮೇಲೆ ಸಂಸ್ಕೃತದಲ್ಲಿ 'ಮಧುರಾವಿಜಯಂ' ಎಂಬ ಕಾವ್ಯ ಬರೆದಳು. ಆ ಓಲೆ ಎಷ್ಟೋ ನೂರು ವರ್ಷ ಯಾರ ಕಣ್ಣಿಗೂ ಬೀಳದೆ, 1916ರಲ್ಲಿ ತಿರುವನಂತಪುರದಲ್ಲಿ ಸಿಕ್ಕಿತು. ಅದೂ ಪೂರ್ತಿಯಾಗಿ ಅಲ್ಲ, ನಡುನಡುವೆ ಹರಿದದ್ದು. ಕಾವ್ಯದಲ್ಲಿ ಬರುವ 'ಕಂಟಕಾನನ ಪಟ್ಟಣ' ನಮ್ಮ ಮುಳಬಾಗಿಲೇ ಎಂದು ಪಂಡಿತರು ಹೇಳುತ್ತಾರೆ. ಹಿಂದೆ ಮುಳುವಾಯಿ ಎನ್ನುತ್ತಿದ್ದ ಹೆಸರು ಸಂಸ್ಕೃತಕ್ಕೆ ಹೋಗಿ ಮುಳ್ಳು-ಬಾಯಿ ಆಯಿತು ನೋಡಿ! ಕೋಟೆ ಕಟ್ಟಿಸಿದವರ ಹೆಸರು ಗೊತ್ತಿಲ್ಲದವರೂ ಈ ಬೆಟ್ಟ ಹತ್ತುವಾಗ ಇಷ್ಟು ನೆನಪಿಟ್ಟುಕೊಳ್ಳಿ, ಈ ಊರಿಂದ ಹೊರಟ ಯುದ್ಧದ ಕತೆಯನ್ನು ಬರೆದಿಟ್ಟವಳು ಒಬ್ಬ ಹೆಂಗಸು.

ಮುಳಬಾಗಿಲಿನ ಸೋದರಿ, ಈಗ ನಿಮ್ಮ ಮಾತಿಗೆ ಬರುತ್ತೇನೆ. ಚಪ್ಪಲಿ ಕಾಯುವವರು ಯಾರು ಎಂಬುದು ನಿಮ್ಮ ಪ್ರಶ್ನೆ. ಚಪ್ಪಲಿಯನ್ನು ಯಾರೂ ಕಾಯಬೇಕಾಗಿಲ್ಲ. ಬಂಡೆ ಹತ್ತುವಾಗ ಅದು ಕಾಲಿನಲ್ಲೇ ಇರಲಿ. ನುಣುಪು ಚಪ್ಪಲಿ ಬೇಡ, ಹಿಂಬದಿ ಪಟ್ಟಿ ಇರುವುದು ಅಥವಾ ಮಗನ ಹಳೆಯ ಕ್ಯಾನ್ವಾಸ್ ಷೂ ಆದರೂ ಸರಿ. ಸೀರೆಯ ಕೆಳಗೆ ಷೂ ಹಾಕಿದರೆ ನಗುತ್ತಾರೆ ಅಂತೀರಾ? ನಗಲಿ ಬಿಡಿ, ಮೊಣಕಾಲು ನಿಮ್ಮದು. ಬುತ್ತಿಯನ್ನು ಎಲ್ಲರೂ ಹಂಚಿಕೊಂಡು ಹೊರಲಿ. ನಾಲ್ಕು ಜನ ಉಣ್ಣುವುದನ್ನು ನಾಲ್ಕು ಜನ ಹೊತ್ತರೆ ಭಾರ ಎಲ್ಲಿಂದ ಬಂತು? ಬಸ್ಸಿನ ದುಡ್ಡಿನ ಮಾತೂ ಈಗ ಇಲ್ಲ. 2023ರ ಜೂನ್‌ನಿಂದ ನಮ್ಮ ರಾಜ್ಯದ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಹೆಂಗಸರಿಗೆ ಟಿಕೆಟ್ ದುಡ್ಡಿಲ್ಲ, ಗುರುತಿನ ಚೀಟಿ ಇಟ್ಟುಕೊಂಡರಾಯಿತು. ನಾದಿನಿಯನ್ನೋ ಪಕ್ಕದ ಮನೆಯವರನ್ನೋ ಜೊತೆಗೆ ಕರೆಯಿರಿ. ಮನೆಯವರಿಗೆ ಪುರುಸೊತ್ತಾಗುವ ತನಕ ಕಾದರೆ ಇನ್ನೂ ಇಪ್ಪತ್ತೆರಡು ವರ್ಷ ಬೇಕಾದೀತು. ಅತ್ತೆಯವರು ಏನಾದರೂ ಅಂದರೆ, "ನೀವೂ ಬನ್ನಿ ಅತ್ತೆ, ಅರ್ಧದ ತನಕ ಹತ್ತಿ ನೆರಳಲ್ಲಿ ಕೂತಿರಿ" ಅನ್ನಿ. ಅವರೂ ಹತ್ತಿರಲಿಕ್ಕಿಲ್ಲ.

ಹೋಗುವ ಕಾಲ ನವೆಂಬರ್‌ನಿಂದ ಫೆಬ್ರವರಿ. ಬೆಳಗ್ಗೆ ಏಳಕ್ಕೆ ಹತ್ತಲು ಶುರು ಮಾಡಿದರೆ ಬಂಡೆ ಕಾಯುವ ಮೊದಲು ಇಳಿಯಬಹುದು. ಮಳೆ ಬಿದ್ದ ಮಾರನೇ ದಿನ ಬೇಡ, ಪಾಚಿ ಜಾರುತ್ತದೆ. ಬಂಡೆಯ ಸಂದಿನಲ್ಲಿ ಹೆಜ್ಜೇನು ಕಂಡರೆ ಸದ್ದಿಲ್ಲದೆ ದೂರ ಸರಿಯಿರಿ. ಅಲ್ಲಿ ಒಲೆ ಹಚ್ಚುವುದು, ಸಿಗರೇಟು ಸೇದುವುದು ಖಂಡಿತ ಬೇಡ. ದೊಣೆಯ ನೀರು ನೋಡಲು ತಿಳಿಯಾಗಿದ್ದರೂ ಆಳ ಗೊತ್ತಾಗುವುದಿಲ್ಲ, ಅಂಚು ನುಣುಪು. ಮಕ್ಕಳನ್ನು ಇಳಿಸಬೇಡಿ. ಡಬ್ಬಿ ತೊಳೆಯಲೂ ಬೇಡ. ಕುಡಿಯುವ ನೀರು ಒಬ್ಬೊಬ್ಬರಿಗೆ ಎರಡು ಲೀಟರಾದರೂ ಮನೆಯಿಂದಲೇ ಒಯ್ಯಿರಿ. ಬೆಟ್ಟದ ಮೇಲೆ ಬಚ್ಚಲುಮನೆ, ಶೌಚಾಲಯ ಎಂಬ ಮಾತೇ ಇಲ್ಲ. ಹಾಗೆಂದು ನೀರು ಕುಡಿಯದೆ ಹತ್ತುವ ಹೆಂಗಸರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ತಲೆ ತಿರುಗಿ ಕೂರುವುದು ಅವರೇ. ಬಸ್ ಸ್ಟ್ಯಾಂಡಿನಲ್ಲೇ ಮುಗಿಸಿಕೊಂಡು ಹೊರಡಿ, ನೀರು ಮಾತ್ರ ಕುಡಿಯುತ್ತಲೇ ಇರಿ.

ಬುತ್ತಿಗೆ ಮೊಸರನ್ನ ಎಲ್ಲರೂ ಹೇಳುತ್ತಾರೆ. ಚೆಲ್ಲುತ್ತದೆ, ಬಿಸಿಲಿಗೆ ಹುಳಿಯುತ್ತದೆ. ನಾನು ಹೇಳುವುದು ಗೊಜ್ಜವಲಕ್ಕಿ. ಕೋಲಾರದ ಹುಣಿಸೆಹಣ್ಣಿಗೆ ಹೇಳಿ ಮಾಡಿಸಿದ ತಿಂಡಿ. ನಾಲ್ಕು ಲೋಟ ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ರವೆಯಂತೆ ತರಿ ಮಾಡಿಕೊಳ್ಳಿ. ದೊಡ್ಡ ನಿಂಬೆ ಗಾತ್ರದ ಹುಣಿಸೆಹಣ್ಣನ್ನು ಮೂರು ಲೋಟ ನೀರಲ್ಲಿ ಕಿವಿಚಿ, ಅದಕ್ಕೆ ಮೂರು ಚಮಚ ಸಾರಿನಪುಡಿ, ನಿಂಬೆ ಗಾತ್ರದ ಬೆಲ್ಲ, ಚಿಟಿಕೆ ಅರಿಸಿನ, ಉಪ್ಪು ಹಾಕಿ ಕರಗಿಸಿ. ತರಿಯನ್ನು ಇದರಲ್ಲಿ ಕಲಸಿ ಇಪ್ಪತ್ತು ನಿಮಿಷ ಮುಚ್ಚಿಡಿ. ಗಟ್ಟಿಯಾದರೆ ಸ್ವಲ್ಪ ನೀರು ಚಿಮುಕಿಸಿ, ಉದುರುದುರಾಗಿ ಬಿಡಿಸಿ. ಎಣ್ಣೆ ಧಾರಾಳವಾಗಿ ಕಾಯಿಸಿ ಸಾಸಿವೆ, ಕಡಲೆಬೇಳೆ, ಉದ್ದಿನಬೇಳೆ, ಕಡಲೆಕಾಯಿಬೀಜ, ಒಣಮೆಣಸಿನಕಾಯಿ, ಕರಿಬೇವು, ಇಂಗಿನ ಒಗ್ಗರಣೆ ಕೊಟ್ಟು, ಅವಲಕ್ಕಿ ಸೇರಿಸಿ ಸಣ್ಣ ಉರಿಯಲ್ಲಿ ಎರಡು ನಿಮಿಷ ಬಾಡಿಸಿ. ಮೇಲೆ ಒಣಕೊಬ್ಬರಿ ತುರಿ. ಹಸಿ ತೆಂಗಿನಕಾಯಿ ಹಾಕಬೇಡಿ, ಬೇಗ ಕೆಡುತ್ತದೆ. ಐದಾರು ಜನಕ್ಕೆ ಸಾಕು. ಕೈಯಲ್ಲಿ ಹಿಡಿದು ತಿನ್ನಬಹುದು, ಡಬ್ಬಿ ತೊಳೆಯುವ ಪ್ರಮೇಯವೂ ಇಲ್ಲ. ಇಳಿದು ಬಂದ ಮೇಲೆ ಊರಲ್ಲಿ ಮುಳಬಾಗಿಲು ದೋಸೆ ಇದ್ದೇ ಇದೆ. ದಪ್ಪಗೆ, ಹೊರಗೆ ಗರಿಗರಿ, ಒಳಗೆ ಮೆತ್ತಗೆ, ತುಪ್ಪ ಸುರಿದದ್ದು. ಮನೆಯಲ್ಲಿ ಹಾಗೆ ಬರುವುದಿಲ್ಲವೇಕೆ ಎಂದು ಪ್ರತಿ ಪಕ್ಷ ಕಾಗದ ಬರುತ್ತವೆ. ಅದನ್ನು ಇನ್ನೊಮ್ಮೆ ನೋಡೋಣ.

ಹೊತ್ತು ಉಳಿದರೆ ಅದೇ ದಿನ ಆವನಿಗೆ ಹೋಗಿಬನ್ನಿ. ಸೀತಮ್ಮ ಲವಕುಶರನ್ನು ಹಡೆದ ಜಾಗ ಎಂದು ನಂಬುತ್ತಾರೆ. ಬೆಟ್ಟದ ಮೇಲೆ ಸೀತೆಯ ಗುಡಿ ಇದೆ. ಕೆಳಗಿನ ರಾಮಲಿಂಗೇಶ್ವರ ಗುಡಿಗಳು ನೊಳಂಬರ ಕಾಲದವು. 10ನೆಯ ಶತಮಾನದಲ್ಲಿ ದೀವಬ್ಬರಸಿ ಎಂಬ ನೊಳಂಬ ರಾಣಿ ಇಲ್ಲಿ ಗುಡಿಯನ್ನೂ ಕೆರೆಯನ್ನೂ ಮಾಡಿಸಿದಳೆಂದು ಶಾಸನವಿದೆ. ನೋಡಿದಿರಾ, ರಾಣಿಗೂ ಗುಡಿಯ ಜೊತೆ ನೆನಪಾದದ್ದು ಕೆರೆಯೇ.

ಕೋಲಾರ ಪಟ್ಟಣದಲ್ಲಿ ಕೋಟೆ ಎಂಬ ಹೆಸರು ಉಳಿದಿದೆ, ಮಕ್ಕಳಿಗೆ ತೋರಿಸುವಂಥ ಗೋಡೆ ಇಲ್ಲ. ಅಲ್ಲಿ ಚೋಳರ ಕಾಲದ ಶಾಸನಗಳಿರುವ ಕೋಲಾರಮ್ಮನ ಗುಡಿ ನೋಡಿ, ಆಮೇಲೆ ನೇರ ಅಂತರಗಂಗೆಗೆ ನಡೆಯಿರಿ. ಮೆಟ್ಟಿಲಿದೆ, ವಯಸ್ಸಾದವರೂ ನಿಧಾನವಾಗಿ ಹತ್ತಬಹುದು. ಕಲ್ಲಿನ ಬಸವನ ಬಾಯಿಂದ ವರ್ಷವಿಡೀ ನೀರು ಬೀಳುತ್ತದೆ. ಸಾವಿರ ಅಡಿ ಕೊಳವೆಬಾವಿ ಕೊರೆದರೂ ಧೂಳು ಬರುವ ಜಿಲ್ಲೆ ನಮ್ಮದು. ಕೆರೆ ತುಂಬಿಸಲು 2018ರಿಂದ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧಮಾಡಿ ಕೊಳವೆಯಲ್ಲಿ ತರಿಸಿಕೊಳ್ಳುತ್ತಿರುವ ಜಿಲ್ಲೆ. ಅಂಥಲ್ಲಿ ಬಂಡೆಯೊಳಗಿಂದ ತಾನಾಗಿ ಬರುವ ಆ ಸಣ್ಣ ಧಾರೆಯ ಮುಂದೆ ನಿಂತಾಗ, ಇದಕ್ಕೆ ಗಂಗೆ ಎಂದು ಏಕೆ ಹೆಸರಿಟ್ಟರೋ ಕೇಳಬೇಕಾಗಿಲ್ಲ. ಇನ್ನೂ ಮೇಲೆ ತೇರಹಳ್ಳಿ ಇದೆ. ಬೆಟ್ಟದ ನೆತ್ತಿಯ ಮೇಲೇ ಸಂಸಾರ ಹೂಡಿದ ಊರು. ಕಾಲು ಗಟ್ಟಿ ಇದ್ದವರು ಹೋಗಿ, ಅಲ್ಲಿನ ಹೆಂಗಸರನ್ನು ಮಾತಾಡಿಸಿ. ಕನ್ನಡ-ತೆಲುಗು ಕಲಸಿ ಆಡುವ ಮಾತು ಕೇಳುವುದೇ ಒಂದು ಸೊಗಸು.

ಶ್ರೀನಿವಾಸಪುರದವರು ನಮ್ಮನ್ನೇಕೆ ಬಿಟ್ಟಿರಿ ಎಂದು ಮುನಿಸಿಕೊಳ್ಳಬೇಡಿ. ದಿವಾನ್ ಪೂರ್ಣಯ್ಯನವರು ಮಗನ ಹೆಸರಿಡುವ ಮೊದಲು ಪಾಪನಪಲ್ಲಿಯಾಗಿದ್ದ ನಿಮ್ಮ ಊರಿಗೆ ನಾವು ಕೋಟೆಗಾಗಿ ಬರುವುದಿಲ್ಲ, ಮಾವಿಗಾಗಿ ಬರುತ್ತೇವೆ. ಮೇ ತಿಂಗಳ ಕೊನೆಗೆ ಎರಡು ಚೀಲ ಹಿಡಿದುಕೊಂಡು ಬರುವುದೆಂದು ಈಗಲೇ ಗುರುತು ಹಾಕಿಕೊಂಡಿದ್ದೇನೆ. ಕಾಯಿ ಸಿಕ್ಕರೆ ಮಿಡಿ ಉಪ್ಪಿನಕಾಯಿಯ ಬೂಷ್ಟಿನ ಪ್ರಶ್ನೆಗೂ ಅಲ್ಲಿಂದಲೇ ಉತ್ತರ.

ಬೆಟ್ಟ ಹತ್ತಿ ಬಂದವರು ಒಂದು ಕಾರ್ಡು ಬರೆಯಿರಿ. ಮೇಲೆ ಎಷ್ಟು ದೊಣೆ ಕಂಡವು, ಯಾವುದರಲ್ಲಿ ನೀರಿತ್ತು, ಬಂಡೆಯಲ್ಲಿ ಕೊರೆದ ಒರಳಿನ ಗುಂಡಿ ಏನಾದರೂ ಕಣ್ಣಿಗೆ ಬಿತ್ತೇ, ಅಷ್ಟು ತಿಳಿಸಿದರೆ ಸಾಕು. ಫಿರಂಗಿಯ ಸುದ್ದಿಯನ್ನು ಮನೆಯವರೇ ಬರೆದುಕೊಳ್ಳಲಿ.